ಓದೋ ಪಿರಿಯಡ್ಡಲ್ಲೇ ಎಂತಕ್ಕೆ ಗಲಾಟೆ? ಕಲಿಕಾ ನ್ಯೂನತೆ ಇರುವ ಮಕ್ಕಳ ತರಗತಿ ವರ್ತನೆ ಬಗ್ಗೆ

ಕುಶಾವತಿ (ತೀರ್ಥಹಳ್ಳಿ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ಇಬ್ಬರು ಶಿಕ್ಷಕರ ಶಾಲೆ, 4 ಮತ್ತು 5ನೇ ತರಗತಿ ಒಂದೇ ಕೊಠಡಿಯಲ್ಲಿ. ಇಂಥ ಕಡೆ ಬಾಯಲ್ಲಿ ಕೇಳಿದರೆ ಪಟಪಟ ಉತ್ತರ ಹೇಳುವ, ತೋಟ, ಗದ್ದೆ, ಹಕ್ಕಿ ಎಲ್ಲದರ ಬಗ್ಗೆ ಗೊತ್ತಿರುವ ಮಗು ಪುಸ್ತಕ ತೆರೆದ ಕೂಡಲೇ ಬೇರೆಯೇ ಆಗಿಬಿಡುತ್ತದೆ. ಪೆನ್ಸಿಲ್ ಚೂಪು ಮಾಡಲು ಏಳುವುದು, ಒಂದಕ್ಕೆ ಹೋಗಬೇಕು ಅನ್ನುವುದು, ಪಕ್ಕದವರನ್ನು ತಿವಿಯುವುದು, ಉಕ್ತಲೇಖನ ಅಂದರೆ ಹೊಟ್ಟೆನೋವು. ಜೊತೆ ಮಕ್ಕಳೇ "ಅವನಿಗೆ ಬರಲ್ಲ ಮಿಸ್" ಅಂತ ತೀರ್ಪು ಕೊಡುತ್ತಾರೆ. ಕಲಿಕಾ ನ್ಯೂನತೆ (ಬುದ್ಧಿ ಚುರುಕಿದ್ದೂ ಓದು, ಬರಹ, ಲೆಕ್ಕದಲ್ಲಿ ತೊಡಕು) ಇರಬಹುದು ಅನ್ನುವ ಅನುಮಾನ ಬಂದಾಗ ತರಗತಿಯೊಳಗೆ ನಾಳೆಯಿಂದಲೇ ಎಂತ ಮಾಡಬಹುದು? "ಪ್ರೀತಿಯಿಂದ ನೋಡಿಕೊಳ್ಳಿ" ಅನ್ನುವ ಉತ್ತರ ಬೇಡ, ಅದನ್ನು ತರಬೇತಿಗಳಲ್ಲಿ ಕೇಳಿ ಆಗಿದೆ. ಏನು, ಎಷ್ಟು, ಯಾವಾಗ ಅಂತ ಹೇಳಬಲ್ಲವರು ಬರೆಯಿರಿ.

ಸಂಪನ್ಮೂಲ_ಶಿಕ್ಷಕ (ಬಿಐಇಆರ್‌ಟಿ)

ಮೇಡಂ, ನಾನು ಬಿಐಇಆರ್‌ಟಿ, ಅಂದರೆ ತಾಲ್ಲೂಕಿನ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕ. ಮೊದಲ ವಾರ ಮಗುವನ್ನು ತಿದ್ದಲು ಹೋಗಬೇಡಿ, ಸುಮ್ಮನೆ ಬರೆದುಕೊಳ್ಳಿ. ಒಂದು ಹಾಳೆಗೆ ನಾಲ್ಕು ಅಂಕಣ: ಎಷ್ಟು ಗಂಟೆ, ಅದಕ್ಕೆ ಮುಂಚೆ ಏನು ನಡೀತಿತ್ತು, ಮಗು ಏನು ಮಾಡಿತು, ಅದಾದ ಮೇಲೆ ಏನಾಯಿತು. "ತುಂಟತನ ಮಾಡಿದ" ಅಂತ ಬರೆದರೆ ಅದು ನಿಮ್ಮ ಅಭಿಪ್ರಾಯ. "ಗಟ್ಟಿ ಓದುವ ಸರದಿ ಇನ್ನೆರಡು ಮಕ್ಕಳ ದೂರದಲ್ಲಿದ್ದಾಗ ಎದ್ದು ಬಾಗಿಲ ಹತ್ತಿರ ಹೋದ" ಅಂತ ಬರೆದರೆ ಉಪಯೋಗಕ್ಕೆ ಬರುತ್ತದೆ. ಐದು ಶಾಲಾ ದಿನ ಬರೆದರೆ ಸಾಕು, ಸಮಯದ ಅಂಕಣವೇ ಅರ್ಧ ಉತ್ತರ ಹೇಳಿಬಿಡುತ್ತದೆ. ಗಲಾಟೆ ಎಲ್ಲ ಕನ್ನಡ, ಇಂಗ್ಲಿಷ್ ಪಿರಿಯಡ್‌ನಲ್ಲೇ ಬಿದ್ದಿದ್ದು, ಆಟ, ಚಿತ್ರಕಲೆ, ಬಿಸಿಯೂಟದ ಹೊತ್ತಲ್ಲಿ ಏನೂ ಇಲ್ಲದಿದ್ದರೆ ಮಗುವಿನ ತಲೆನೋವು ಓದು-ಬರಹ. ಗಲಾಟೆ ಅದರಿಂದ ತಪ್ಪಿಸಿಕೊಳ್ಳುವ ದಾರಿ.

ಎಲ್ಲರೂ ಮರೆಯುವುದು ನಾಲ್ಕನೇ ಅಂಕಣವನ್ನು. "ಹೊರಗೆ ನಿಲ್ಲಿಸಿದೆ", "ಸರದಿ ಮುಂದಿನವರಿಗೆ ಹೋಯಿತು", "ನೀರು ತರಲು ಕಳಿಸಿದೆ" ಅಂತ ಅಲ್ಲಿ ಪದೇ ಪದೇ ಬರುತ್ತಿದ್ದರೆ ಓದುವುದು ತಪ್ಪಿತು, ಅಂದರೆ ಮಗುವಿಗೆ ಬೇಕಾದದ್ದೇ ಸಿಕ್ಕಿತು. ನಾವು ಶಿಕ್ಷೆ ಅಂದುಕೊಂಡಿದ್ದು ಅದಕ್ಕೆ ಬಿಡುಗಡೆ. ನಾಳೆ ಗಲಾಟೆ ಐದು ನಿಮಿಷ ಮುಂಚೆಯೇ ಶುರುವಾಗುತ್ತದೆ.

ಖಾತ್ರಿ ಮಾಡಿಕೊಳ್ಳಲು ಎರಡು ದಿನ ಒಂದು ಬದಲಾವಣೆ ಮಾಡಿ ನೋಡಿ. ಅದೇ ಪಾಠ, ಅದೇ ಹೊತ್ತು, ಆದರೆ ಪಾಠ ನೀವೇ ಓದಿ ಹೇಳಿ, ಪ್ರಶ್ನೆ ಬಾಯಲ್ಲೇ ಕೇಳಿ. ಗಲಾಟೆ ಇಳಿದರೆ ತಡೆ ಇರುವುದು ಓದಿನಲ್ಲಿ, ಅರ್ಥ ಮಾಡಿಕೊಳ್ಳುವುದರಲ್ಲಿ ಅಲ್ಲ ಎಂದು ಗೊತ್ತಾಗುತ್ತದೆ. ಇಳಿಯದಿದ್ದರೆ ಕಾರಣ ಬೇರೆ ಕಡೆ ಹುಡುಕಬೇಕು: ಕಿವಿ, ಹಸಿವು, ಮನೆ, ಅತಿಚಟುವಟಿಕೆ, ಜೊತೆ ಕೂತವರ ಕಾಟ.

ಹೊಸನಗರ_ಮೇಷ್ಟ್ರು

ಸರ್, ಹೇಳೋದು ಚೆನ್ನಾಗಿದೆ. ಎರಡು ತರಗತಿ, ಬಿಸಿಯೂಟದ ಲೆಕ್ಕ, ಆನ್‌ಲೈನ್ ಎಂಟ್ರಿ, ಮಧ್ಯೆ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಫೋನು. ನಾಲ್ಕು ಅಂಕಣ ಯಾರು ಬರೀತಾರೆ ಮಾರಾಯ್ರೇ?

ಸಂಪನ್ಮೂಲ_ಶಿಕ್ಷಕ (ಬಿಐಇಆರ್‌ಟಿ)

ಆಗಲಿಲ್ಲ ಅಂದರೆ ಹೀಗೆ ಮಾಡಿ. ವೇಳಾಪಟ್ಟಿಯ ಒಂದು ಜೆರಾಕ್ಸ್ ಮೇಜಿನ ಮೇಲಿರಲಿ. ಎಡ ಜೇಬಲ್ಲಿ ಒಂದು ಹಿಡಿ ಹುಣಸೆ ಬೀಜ. ಮಗು ಜಾಗ ಬಿಟ್ಟು ಎದ್ದಾಗಲೆಲ್ಲ ಒಂದು ಬೀಜ ಬಲ ಜೇಬಿಗೆ. ಪಿರಿಯಡ್ ಮುಗಿದಾಗ ಎಣಿಸಿ ಆ ಚೌಕದಲ್ಲಿ ಸಂಖ್ಯೆ ಬರೆಯಿರಿ. ಒಂದೇ ಮಗು, ಒಂದೇ ವರ್ತನೆ, ಅಷ್ಟೇ. ಒಮ್ಮೆಲೇ ಮೂರು ವರ್ತನೆ ಎಣಿಸಲು ಹೋದರೆ ಒಂದೂ ಸರಿಯಾಗಿ ಸಿಗುವುದಿಲ್ಲ. ಆಮೇಲೆ ನೀವು ಏನೇ ಬದಲಾವಣೆ ಮಾಡಿದರೂ ಅದು ಕೆಲಸ ಮಾಡಿತೋ ಇಲ್ಲವೋ ಅಂತ ಹೇಳಲು ಈ ಸಂಖ್ಯೆ ಬೇಕೇ ಬೇಕು. "ಈಗ ಸ್ವಲ್ಪ ಪರವಾಗಿಲ್ಲ" ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ.

ವಾಕ್_ಶ್ರವಣ

ಕಲಿಕಾ ನ್ಯೂನತೆ ಅನ್ನುವ ಮೊದಲು ಕಿವಿ ಮತ್ತು ಕಣ್ಣು. ಮಳೆಗಾಲದಲ್ಲಿ ನೆಗಡಿ ಬಿಡದೆ ಕಾಡಿ ಕಿವಿ ಸೋರುವ ಮಕ್ಕಳು ನಮ್ಮ ಕಡೆ ಬಹಳ. ಕಿವಿ ಸೋರುವಾಗ ಕೇಳಿಸುವುದು ಒಂದು ವಾರ ಸರಿ, ಒಂದು ವಾರ ಮಂದ. ಅದಕ್ಕೇ ಶಿಕ್ಷಕರಿಗೆ "ಬೇಕಾದಾಗ ಕೇಳಿಸುತ್ತೆ ಇವನಿಗೆ" ಅನ್ನಿಸುತ್ತದೆ. ಮಗುವಿನ ಹಿಂದೆ ಮೂರು ಹೆಜ್ಜೆ ದೂರ ನಿಂತು, ಮುಖ ಕಾಣದಂತೆ, ಮೆಲ್ಲಗೆ ಐದು ಪದ ಹೇಳಿ ತಿರುಗಿ ಹೇಳಿಸಿ. ಎರಡು ತಪ್ಪಿದರೂ ಪರೀಕ್ಷೆಗೆ ಕಳಿಸಿ. ಇದು ಪರೀಕ್ಷೆಗೆ ಬದಲಿಯಲ್ಲ, ಕಳಿಸಬೇಕೋ ಬೇಡವೋ ನಿರ್ಧರಿಸಲು ಮಾತ್ರ. ವರ್ಷಕ್ಕೊಮ್ಮೆ ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಕಾರ್ಯಕ್ರಮ) ತಂಡ ಶಾಲೆಗೆ ಬಂದಾಗ ಆ ಮಗುವಿನ ಹೆಸರು ನೀವೇ ಹೇಳಿ. ಅವರು ನೋಡುವ ತೊಂದರೆಗಳ ಪಟ್ಟಿಯಲ್ಲಿ ಕಲಿಕಾ ತೊಂದರೆಯೂ ಇದೆ. ಹೇಳದಿದ್ದರೆ ಸಾಲಲ್ಲಿ ನಿಂತ ಮಗು ತೂಕ, ಎತ್ತರ ನೋಡಿಸಿಕೊಂಡು ಹೋಗಿಬಿಡುತ್ತದೆ.

ಇನ್ನೊಂದು, ಮನೆಮಾತು. ಭದ್ರಾವತಿಯಲ್ಲಿ ತಮಿಳು, ತೆಲುಗು, ಶಿಕಾರಿಪುರದ ತಾಂಡಾಗಳಲ್ಲಿ ಲಂಬಾಣಿ, ಶಿವಮೊಗ್ಗ ಪೇಟೆಯಲ್ಲಿ ಉರ್ದು, ಸಾಗರ-ಹೊಸನಗರದಲ್ಲಿ ಹವ್ಯಕ ಕನ್ನಡ. ಮಹಾಪ್ರಾಣ ಬಿಟ್ಟು ಮಾತಾಡುವ ಮನೆಯ ಮಗು "ದನ", "ಧನ" ಎರಡನ್ನೂ ಒಂದೇ ರೀತಿ ಬರೆದರೆ ಅದು ನ್ಯೂನತೆಯಲ್ಲ, ಕೇಳಿದ್ದನ್ನೇ ಬರೆದಿದೆ. ಅದೇ ಮನೆಯ ಅಣ್ಣ-ತಂಗಿಯರಿಗೂ ಆ ತಪ್ಪಿದ್ದರೆ, ತಪ್ಪು ಮಾತಿನಲ್ಲೂ ಇದ್ದರೆ, ಅದನ್ನು ಭಾಷೆಯ ಲೆಕ್ಕಕ್ಕೆ ಹಾಕಿ.

ಅನುಮಾನ ಪಡಬೇಕಾದ ತಪ್ಪುಗಳು ಬೇರೆ. ಸರಿಯಾಗಿ ಉಚ್ಚರಿಸುವ ಪದದಲ್ಲೇ ಒತ್ತು ಬಿಡುವುದು, ಅಂದರೆ "ಅಕ್ಕ" ಬದಲು "ಅಕ". ಒತ್ತು ತಪ್ಪು ಅಕ್ಷರಕ್ಕೆ ಹಾಕುವುದು. ದೀರ್ಘ, ಸೊನ್ನೆ ಒಂದು ಸಾಲಲ್ಲಿ ಹಾಕಿ ಇನ್ನೊಂದು ಸಾಲಲ್ಲಿ ಬಿಡುವುದು. ಮ-ವ, ಪ-ಷ, ನ-ಸ, ರ-ಠ ಅದಲುಬದಲು. ಒಂದೇ ಪದವನ್ನು ಒಂದೇ ಪುಟದಲ್ಲಿ ಮೂರು ಥರ ಬರೆಯುವುದು. ಅರ್ಕಾವೊತ್ತಿನಲ್ಲಂತೂ ಒದ್ದಾಟ. "ಸೂರ್ಯ" ಅನ್ನುವಾಗ ಕಿವಿಗೆ ಮೊದಲು ಬೀಳುವುದು ರ, ಕೈ ಮೊದಲು ಬರೆಯಬೇಕಾದ್ದು ಯ. ಕ್ರಮ ಇಟ್ಟುಕೊಳ್ಳಲು ಕಷ್ಟಪಡುವ ಮಗು ಇಲ್ಲಿ ಬಿದ್ದೇ ಬೀಳುತ್ತದೆ.

ಒತ್ತಕ್ಷರಗಳಲ್ಲೂ ಎರಡು ಜಾತಿ ಇವೆ. ಕ, ಗ, ಚ, ಜ ಮುಂತಾದವುಗಳ ಒತ್ತು ನೋಡಿದರೆ ಮೂಲ ಅಕ್ಷರ ಗುರುತು ಹತ್ತುತ್ತದೆ. ತ, ನ, ಮ, ಯ, ರ, ಲ ಈ ಆರರ ಒತ್ತಿಗೂ ಅಕ್ಷರಕ್ಕೂ ಹೋಲಿಕೆಯೇ ಇಲ್ಲ, ಹೊಸ ಗುರುತು ಕಲಿತ ಹಾಗೆ ಕಲಿಯಬೇಕು. ಪಠ್ಯದಲ್ಲಿ ಅತಿ ಹೆಚ್ಚು ಬರುವುದೂ ಇವೇ.

ಒಂದು ಎಚ್ಚರಿಕೆ: ಕನ್ನಡದಲ್ಲಿ ಬರೆದಂತೆ ಓದುವುದರಿಂದ ಡಿಸ್ಲೆಕ್ಸಿಯಾ (ಓದಿನ ತೊಡಕು) ಇರುವ ಮಗು ಕೂಡ ಅಕ್ಷರ ಕೂಡಿಸಿ ಕೂಡಿಸಿ ಸರಿಯಾಗಿಯೇ ಓದಿ ಮುಗಿಸಬಹುದು. ಆದರೆ ವಾಕ್ಯದ ಕೊನೆ ತಲುಪುವಾಗ ಮೊದಲು ಓದಿದ್ದು ಮರೆತಿರುತ್ತದೆ. ಆದ್ದರಿಂದ ತಪ್ಪು ಮಾತ್ರ ಎಣಿಸಬೇಡಿ, ಹೊತ್ತನ್ನೂ ನೋಡಿ.

ಕುಶಾವತಿ

ಒಂದನೇ ಎರಡನೇ ತರಗತಿಯಲ್ಲೇ ಇದನ್ನೆಲ್ಲ ನೋಡಬಹುದಾ?

ವಾಕ್_ಶ್ರವಣ

ನೋಡಿ, ಆದರೆ ಹೆಸರಿಡಬೇಡಿ. ಏಳು ವರ್ಷದವರೆಗೆ ಕನ್ನಡಿ ಬರಹ ಸಾಮಾನ್ಯ. ಕಾಗುಣಿತವೇ ನಾನೂರು ರೂಪ ದಾಟುವ ಲಿಪಿ ನಮ್ಮದು, ಚೆನ್ನಾಗಿ ಕಲಿಯುವ ಮಕ್ಕಳಿಗೂ ಒತ್ತು-ಕಾಗುಣಿತ ಗಟ್ಟಿಯಾಗಲು 3-4ನೇ ತರಗತಿ ಬೇಕು. ಸಹಾಯ ಮಾತ್ರ ಅವತ್ತೇ ಶುರುವಾಗಲಿ, ಅದಕ್ಕೆ ಯಾವ ಪ್ರಮಾಣಪತ್ರವೂ ಬೇಡ.

ಅಕ್ಷರ_ಮರಳು (ಪರಿಹಾರ ಬೋಧನೆ, ಸಾಗರ)

ತರಗತಿಯಲ್ಲಿ ಹೆಚ್ಚಿನ ಜಗಳ ಹುಟ್ಟುವ ಮೂರು ಜಾಗಗಳಿವೆ: ಸರದಿ ಓದು, ಬೋರ್ಡ್ ನೋಡಿ ಬರೆಯುವುದು, ಉಕ್ತಲೇಖನ. ಮೂರಕ್ಕೂ ಬೇರೆ ಬೇರೆ ಮದ್ದು.

ಸರದಿ ಓದನ್ನು ನಿಲ್ಲಿಸಿದರೂ ನಷ್ಟವಿಲ್ಲ. ಸರದಿ ಬರುವವರೆಗೆ ಆ ಮಗು ತನ್ನ ಸಾಲು ಯಾವುದು ಅಂತ ಎಣಿಸುತ್ತಾ ಕೂತಿರುತ್ತದೆ, ಪಾಠ ಕೇಳುವುದಿಲ್ಲ. ಬದಲಿಗೆ ಎಲ್ಲರೂ ಒಟ್ಟಿಗೆ ಓದುವುದು, ನೀವು ಅರ್ಧ ಸಾಲು ಓದಿ ಉಳಿದದ್ದು ಮಕ್ಕಳು ಮುಗಿಸುವುದು. ಒಬ್ಬೊಬ್ಬರೇ ಓದಲೇಬೇಕಾದರೆ ಆ ಮಗುವಿಗೆ ಹಿಂದಿನ ದಿನವೇ ಎರಡು-ಮೂರು ಸಾಲು ಗುರುತು ಹಾಕಿ ಕೊಡಿ, ಮನೆಯಲ್ಲಿ ಐದು ಸಲ ಓದಿ ಬರಲಿ, ಮರುದಿನ ಅದೇ ಸಾಲಿಗೆ ಸರದಿ ಬರಲಿ. ಬೇರೆ ಸಾಲು ಕೇಳಿ ಸಿಕ್ಕಿಸುವ ಆಸೆ ಕೆಲವರಿಗೆ ಇರುತ್ತದೆ. ಒಮ್ಮೆ ಹಾಗೆ ಮಾಡಿದರೆ ಆ ಮಗು ಮತ್ತೆ ನಿಮ್ಮನ್ನು ನಂಬುವುದಿಲ್ಲ.

ಓದಲು ಕೊಟ್ಟದ್ದು ಮಟ್ಟಕ್ಕೆ ತಕ್ಕುದೋ ನೋಡಲು 50 ಪದ ಓದಿಸಿ. ಐದಕ್ಕಿಂತ ಹೆಚ್ಚು ತಪ್ಪಿದರೆ ಆ ಪುಟ ಆ ಮಗುವಿಗೆ ಒಂಟಿಯಾಗಿ ಓದಲು ಅಲ್ಲ, ಯಾರಾದರೂ ಜೊತೆ ಓದಬೇಕು. ಮಟ್ಟ ಇಳಿಸಿದ ಕಥೆ ಬೇಕಿದ್ದರೆ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ ಕಥೆಗಳು ಹಂತ ಹಂತವಾಗಿ ಉಚಿತ ಇವೆ. ಮೊದಲ ಎರಡು ಹಂತದವನ್ನು ಪ್ರಿಂಟ್ ಹಾಕಿಸಿ. ಅಕ್ಷರ ದೊಡ್ಡದು, ಸಾಲುಗಳ ನಡುವೆ ಜಾಗ ಹೆಚ್ಚು ಇರುವಂತೆ ನೋಡಿಕೊಳ್ಳಿ, ಕನ್ನಡದ ಒತ್ತು ಕೆಳಗಿನ ಸಾಲಿಗೆ ತಾಗಿದರೆ ಇವರಿಗೆ ಓದಲಾಗದು. ಸಾಲು ತಪ್ಪುವ ಮಗುವಿಗೆ ಹಳೇ ಲಗ್ನಪತ್ರಿಕೆಯ ದಪ್ಪ ಕಾಗದದಲ್ಲಿ 15 ಸೆಂ.ಮೀ. ಉದ್ದ, 4 ಸೆಂ.ಮೀ. ಅಗಲದ ಪಟ್ಟಿ ಕತ್ತರಿಸಿ, ನಡುವೆ ಒಂದೇ ಸಾಲು ಕಾಣುವಷ್ಟು ಕಿಂಡಿ ಮಾಡಿ. ಕಿಂಡಿ ಒತ್ತಕ್ಷರ ಮುಚ್ಚದಷ್ಟು ಎತ್ತರ ಇರಬೇಕು.

ಬೋರ್ಡ್ ನೋಡಿ ಬರೆಯುವಾಗ ಮಗು ಒಂದೊಂದು ಅಕ್ಷರಕ್ಕೂ ತಲೆ ಎತ್ತುತ್ತದೆ, ಪ್ರತಿ ಸಲ ಜಾಗ ತಪ್ಪುತ್ತದೆ, ಎಲ್ಲರೂ ಮುಗಿಸಿದಾಗ ಇದರದ್ದು ಎರಡು ಸಾಲು. ಅಲ್ಲಿಂದ ತಿವಿತ ಶುರು. ಬೋರ್ಡ್ ಮೇಲಿನದ್ದನ್ನೇ ಚೀಟಿಯಲ್ಲಿ ಬರೆದು ನೋಟ್‌ಬುಕ್ ಪಕ್ಕ ಇಡಿ. ನೀವೇ ಬರೆಯಬೇಕಿಲ್ಲ, ಬೇಗ ಮುಗಿಸುವ 5ನೇ ತರಗತಿಯವರ ಪುಟವೇ ಸಾಕು. ಪ್ರಮಾಣ ಕಡಿಮೆ ಮಾಡಿ, ಮಟ್ಟ ಇಳಿಸಬೇಡಿ: ಹತ್ತು ಪ್ರಶ್ನೆಯಲ್ಲಿ ಮೂರು ಬರಹದಲ್ಲಿ, ಉಳಿದದ್ದು ಬಾಯಲ್ಲಿ.

ಉಕ್ತಲೇಖನಕ್ಕೆ ಹತ್ತು ಪದ ಇದ್ದರೆ ಆ ಮಗುವಿಗೆ ನಾಲ್ಕು, ಅದೂ ಒಂದೇ ನಿಯಮದ್ದು. ಈ ವಾರ ಲ ಒತ್ತು: ಹಲ್ಲು, ಕಲ್ಲು, ಬೆಲ್ಲ, ಎಲ್ಲಿ. ತಿದ್ದುವಾಗ ಆ ವಾರದ ತಪ್ಪು ಮಾತ್ರ ತಿದ್ದಿ. ಪುಟ ಪೂರ್ತಿ ಕೆಂಪಾದರೆ ಯಾವುದನ್ನು ಕಲಿಯಬೇಕು ಅಂತ ಮಗುವಿಗೆ ಗೊತ್ತಾಗುವುದಿಲ್ಲ. ತಪ್ಪಿದ ಪದ ಹತ್ತು ಸಲ ಬರೆಸುವ ಇಂಪೋಸಿಷನ್ ಮಾತ್ರ ಬೇಡವೇ ಬೇಡ. ಮೂರನೇ ಸಲಕ್ಕೆ ಮತ್ತೆ ತಪ್ಪು ಬರೆದು, ಉಳಿದ ಏಳು ಸಲ ಆ ತಪ್ಪನ್ನೇ ಅಭ್ಯಾಸ ಮಾಡಿ ಮುಗಿಸುತ್ತದೆ.

ಸೊರಬದಿಂದ

ಪರಿಹಾರ ಬೋಧನೆಗೆ ದಿನಾ ಎಷ್ಟು ಹೊತ್ತು ಬೇಕು? ಶನಿವಾರ ಒಂದು ಗಂಟೆ ಕೂರಿಸಿಕೊಂಡರೆ ಆಗಲ್ವಾ?

ಅಕ್ಷರ_ಮರಳು

ಆಗಲ್ಲ. ವಾರಕ್ಕೆ ಒಂದು ಗಂಟೆಗಿಂತ ದಿನಾ 20 ನಿಮಿಷ, ವಾರಕ್ಕೆ ನಾಲ್ಕೈದು ದಿನ. ಮೂರು ನಿಮಿಷ ಹಳೇ ಅಕ್ಷರಗಳ ಕಾರ್ಡ್. ಐದು ನಿಮಿಷ ಕಿವಿಯ ಆಟ, ಪುಸ್ತಕ ಇಲ್ಲದೆ: ಪದವನ್ನು ಚಪ್ಪಾಳೆಯಲ್ಲಿ ಒಡೆಯುವುದು, ಮೊದಲ ಅಕ್ಷರ ತೆಗೆದರೆ ಏನು ಉಳಿಯುತ್ತದೆ ಹೇಳುವುದು. "ಕಾಗದ"ದಲ್ಲಿ "ಕಾ" ತೆಗೆದರೆ? "ಗದ". (ಕಮಲ ಮಾತ್ರ ಕೊಡಬೇಡಿ, ಆಮೇಲೆ ಇಡೀ ತರಗತಿ ಸುಮ್ಮನಾಗಲು ಹತ್ತು ನಿಮಿಷ ಬೇಕು.) ಏಳು ನಿಮಿಷ ಹೊಸದು, ವಾರಕ್ಕೆ ಎರಡು-ಮೂರು ಅಕ್ಷರ ಅಥವಾ ಒಂದೇ ಒತ್ತು. ಕೊನೆಯ ಐದು ನಿಮಿಷ ಕಲಿತ ಅಕ್ಷರಗಳಿಂದಲೇ ಮಾಡಿದ ವಾಕ್ಯ ಓದುವುದು. ಹೋಲುವ ಅಕ್ಷರ ಜೊತೆಜೊತೆ ಕಲಿಸಬಾರದು. ಮ ಗಟ್ಟಿಯಾಗಿ ಎರಡು ವಾರ ಆದ ಮೇಲೆ ವ. ದ ಮತ್ತು ಧ ಒಂದೇ ದಿನ ಬೋರ್ಡ್ ಮೇಲೆ ಬರೆದು "ವ್ಯತ್ಯಾಸ ನೋಡು" ಅಂದರೆ ಗೊಂದಲವನ್ನು ನಾವೇ ಕಲಿಸಿದಂತೆ.

ನಲಿಕಲಿಯಲ್ಲಿ (ಸರ್ಕಾರಿ ಶಾಲೆಗಳ ಕಲಿಕಾ ಏಣಿ, ಕಾರ್ಡು, ಗುಂಪುಗಳ ಪದ್ಧತಿ) ಇದಕ್ಕೆ ಜಾಗ ಮೊದಲೇ ಇದೆ. 1ರಿಂದ 3ನೇ ತರಗತಿವರೆಗೆ ಐದು ಗುಂಪುಗಳಲ್ಲಿ ಸಂಪೂರ್ಣ ಶಿಕ್ಷಕರ ಸಹಾಯದ ಗುಂಪು ಒಂದು. ಆ ಮಗುವಿನ ಕಾರ್ಡ್ ಅಲ್ಲಿಗೆ ಬಂದಾಗ ಈ 20 ನಿಮಿಷ ಕೂರುತ್ತದೆ. ಕಷ್ಟ ಶುರುವಾಗುವುದು 4ನೇ ತರಗತಿಗೆ, ಏಣಿ, ಕಾರ್ಡು, ಗುಂಪು ಎಲ್ಲ ಹೋಗಿ ಪಠ್ಯಪುಸ್ತಕ ಕೈಗೆ ಬಂದಾಗ. ಅಲ್ಲಿಯವರೆಗೆ ಗೆಳೆಯರ ಸಹಾಯದ ಗುಂಪಿನಲ್ಲಿ ಮರೆಯಾಗಿದ್ದ ಮಗು ಆಗ ಕಣ್ಣಿಗೆ ಬೀಳುತ್ತದೆ.

ತುಂಗಾ_ತೀರ

ಕೂರಿಸುವ ಜಾಗದ ಬಗ್ಗೆ ಯಾರೂ ಹೇಳಲಿಲ್ಲ. ಮುಂದಿನ ಸಾಲು, ಬಾಗಿಲಿನಿಂದ ದೂರ, ಶಿಕ್ಷಕರ ಕೈಗೆ ಎಟುಕುವಷ್ಟು ಹತ್ತಿರ, ಪಕ್ಕದಲ್ಲಿ ಸಮಾಧಾನದ ಮಗು. ಪುಸ್ತಕಗಳಲ್ಲಿ ಕಿಟಕಿಯಿಂದಲೂ ದೂರ ಕೂರಿಸಿ ಅಂತಿರುತ್ತದೆ. ಅದನ್ನು ಬರೆದವರು ಜುಲೈ ತಿಂಗಳ ಆಗುಂಬೆ ನೋಡಿಲ್ಲ. ಮಧ್ಯಾಹ್ನ ಎರಡು ಗಂಟೆಗೆ ಕತ್ತಲೆ, ಕರೆಂಟಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಕಿಟಕಿ ಪಕ್ಕವೇ ಸರಿ, ಬಲಗೈಯವರಿಗೆ ಬೆಳಕು ಎಡದಿಂದ ಬರಬೇಕು. ಮಳೆ ನಿಂತ ಮೇಲೆ ಜಾಗ ಬದಲಿಸಿ.

ತಗಡು ಅಥವಾ ಹೆಂಚಿನ ಮೇಲೆ ಮಳೆ ಸುರಿಯುವಾಗ ಮಾತು ಹಿಂದಿನ ಸಾಲಿಗೆ ತಲುಪುವುದೇ ಇಲ್ಲ. ಕೇಳಿದ್ದನ್ನು ಹಿಡಿದಿಟ್ಟುಕೊಳ್ಳಲು ಮೊದಲೇ ಕಷ್ಟವಿರುವ ಮಗುವಿಗೆ ಆ ದಿನ ನಿಮ್ಮ ಯಾವ ಸೂಚನೆಯೂ ಇಲ್ಲ ಎಂದೇ ಲೆಕ್ಕ. ಆ ಹೊತ್ತಲ್ಲಿ ಹೊಸ ಪಾಠ ಬಾಯಲ್ಲಿ ಹೇಳಬೇಡಿ, ಬರೆಯುವ, ಚಿತ್ರದ, ಕಾರ್ಡಿನ ಕೆಲಸ ಕೊಡಿ. ಸೂಚನೆ ಬೋರ್ಡಿನ ಮೂಲೆಯಲ್ಲಿ ಚಿತ್ರವಾಗಿ ಇರಲಿ: ಪುಸ್ತಕ, ಪೆನ್ಸಿಲ್, ಪುಟದ ಸಂಖ್ಯೆ. ಮಳೆ ಇಲ್ಲದ ದಿನವೂ ಒಂದು ಸಲಕ್ಕೆ ಒಂದೇ ಸೂಚನೆ. "ಪುಸ್ತಕ ತೆಗೆದು 42ನೇ ಪುಟ ತೆರೆದು ಎರಡನೇ ಪ್ರಶ್ನೆ ಓದಿ ಉತ್ತರಕ್ಕೆ ಗೆರೆ ಎಳೆಯಿರಿ" ಅನ್ನುವುದು ನಾಲ್ಕು ಸೂಚನೆ. ಈ ಮಕ್ಕಳು ಮೊದಲನೆಯದನ್ನು ಮಾಡಿ ಪಕ್ಕದವರನ್ನು ನೋಡುತ್ತಾರೆ, ನಮಗೆ ಅದು ನಕಲು ಹೊಡೆಯುವಂತೆ ಕಾಣುತ್ತದೆ.

ಲೆಕ್ಕದ_ಟೀಚರ್

ಎಲ್ಲರೂ ಅಕ್ಷರಕ್ಕೇ ಅಂಟಿಕೊಂಡಿದ್ದೀರಿ. ಲೆಕ್ಕದಲ್ಲಿ ತೊಡಕಿರುವ ಮಗು ಮಗ್ಗಿ ಹೇಳುವ ಹೊತ್ತಿಗೆ ಬೆಂಚಿನ ಕೆಳಗೆ ಹೋಗಿ ಏನೋ ಹುಡುಕುತ್ತಿರುತ್ತದೆ. 4ನೇ ತರಗತಿಯಲ್ಲೂ 5 ದೊಡ್ಡದೋ 8 ದೊಡ್ಡದೋ ಅಂದರೆ ಬೆರಳು ಎಣಿಸಬೇಕು, ಹಿಮ್ಮುಖ ಎಣಿಕೆ ಬರುವುದಿಲ್ಲ, "ನೂರ ಐದು" ಅಂದರೆ 1005 ಬರೆಯುತ್ತದೆ. ನೂರು ಕೇಳಿಸಿತು 100 ಬರೆಯಿತು, ಐದು ಕೇಳಿಸಿತು 5 ಸೇರಿಸಿತು. ಇದಕ್ಕೆ 100 ಬರೆದ ಉದ್ದ ಕಾರ್ಡ್ ಮೇಲೆ, ಕೊನೆಯ ಸೊನ್ನೆ ಮುಚ್ಚುವಂತೆ 5ರ ಸಣ್ಣ ಕಾರ್ಡ್ ಇಟ್ಟು ತೋರಿಸಿ. ಜೊತೆಗೆ ಹತ್ತು ಕಡ್ಡಿಯ ಕಟ್ಟು, ಹತ್ತು ಕಟ್ಟಿನ ಒಂದು ದೊಡ್ಡ ಕಟ್ಟು. ಬಿಡಿಸುವ, ಕಟ್ಟುವ ಕೆಲಸ ಮಗುವೇ ಮಾಡಬೇಕು, ನೀವು ಕಟ್ಟಿ ತೋರಿಸಿದರೆ ಅದು ಬರೀ ಕಡ್ಡಿ. ಕೂಡುವ, ಕಳೆಯುವ ಲೆಕ್ಕಕ್ಕೆ ಚೌಕುಳಿ ನೋಟ್‌ಬುಕ್, ಒಂದು ಚೌಕಕ್ಕೆ ಒಂದೇ ಅಂಕಿ. ಅರ್ಧದಷ್ಟು ತಪ್ಪು ಸಾಲು ಓರೆಯಾಗಿ ಬಿಡಿ-ಹತ್ತು ಬೆರೆತಿದ್ದರಿಂದಲೇ ಆಗಿರುತ್ತದೆ. ಬೆರಳು ಎಣಿಸಬೇಡ ಅನ್ನಬೇಡಿ, ಬೆಂಚಿನ ಕೆಳಗೆ ಎಣಿಸುತ್ತಾರೆ ಅಷ್ಟೇ.

ಉರ್ದು ಮನೆಯ ಮಕ್ಕಳ ಬಗ್ಗೆ ಒಂದು ಮಾತು. ಕನ್ನಡದಲ್ಲಿ ಇಪ್ಪತ್ತು-ಒಂದು ಕೂಡಿ ಇಪ್ಪತ್ತೊಂದು ಆಗುತ್ತದೆ. ಉರ್ದುವಿನಲ್ಲಿ ನೂರರವರೆಗೂ ಹೆಚ್ಚುಕಡಿಮೆ ಪ್ರತಿ ಸಂಖ್ಯೆಗೂ ಬೇರೆಯೇ ಹೆಸರು, ಒಂದೊಂದನ್ನೂ ಬಾಯಿಪಾಠ ಮಾಡಬೇಕು. ಅಲ್ಲಿನ ತಡವರಿಕೆಯನ್ನು ನ್ಯೂನತೆ ಅಂತ ಬರೆಯುವ ಮೊದಲು ಕಡ್ಡಿ ಕೊಟ್ಟು ಮಾಡಿಸಿ ನೋಡಿ.

ಭದ್ರಾವತಿ_ಪೋಷಕರು

ಮನೆಯಲ್ಲಿ ಹೋಂವರ್ಕ್ ಅಂದರೆ ರಾತ್ರಿ ಹತ್ತಾದರೂ ಮುಗಿಯಲ್ಲ, ಅಳು. ಎಷ್ಟು ಹೊತ್ತು ಕೂರಿಸಬೇಕು? ಪ್ರಮಾಣಪತ್ರ ಮಾಡಿಸಿದರೆ ಎಸ್ಸೆಸ್ಸೆಲ್ಸಿಯಲ್ಲಿ ಅನುಕೂಲ ಅಂತಾರೆ. ಅದು ಎಲ್ಲಿ, ಹೇಗೆ?

ಸಂಪನ್ಮೂಲ_ಶಿಕ್ಷಕ (ಬಿಐಇಆರ್‌ಟಿ)

ಹೋಂವರ್ಕ್‌ಗೆ ಗಡಿಯಾರ ಇಡಿ, ಪುಟ ಎಣಿಸಬೇಡಿ. 4-5ನೇ ತರಗತಿಗೆ 30 ನಿಮಿಷ, ನಡುವೆ ಐದು ನಿಮಿಷ ಬಿಡುವು. ಸಮಯ ಆದ ಕೂಡಲೇ ಆದಷ್ಟಕ್ಕೆ ನಿಲ್ಲಿಸಿ, "ಇಷ್ಟು ಹೊತ್ತು ಮಾಡಿದೆ" ಅಂತ ಸಹಿ ಹಾಕಿ ಕಳಿಸಿ. ಇದನ್ನು ಶಿಕ್ಷಕರೊಂದಿಗೆ ಮೊದಲೇ ಮಾತಾಡಿಕೊಳ್ಳಬೇಕು, ಇಲ್ಲದಿದ್ದರೆ ಮರುದಿನ ಮಗುವಿಗೇ ಬೀಳುತ್ತದೆ. ಪಾಠದ ಪ್ರಶ್ನೆಗೆ ಉತ್ತರ ಮಗು ಹೇಳಲಿ, ನೀವು ಬರೆಯಿರಿ. ಅದು ಮೋಸವಲ್ಲ, ವಿಜ್ಞಾನ ಕಲಿಯುವ ಹೊತ್ತಿನಲ್ಲಿ ವಿಜ್ಞಾನ ಕಲಿಯಲಿ.

ಪ್ರಮಾಣಪತ್ರದ ವಿಷಯ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ನ್ಯೂನತೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆ ಒಂದು. ಇದನ್ನು ಬೇಗ ಗುರುತಿಸಿ ಬೋಧನೆಯಲ್ಲಿ ಕ್ರಮ ತೆಗೆದುಕೊಳ್ಳುವುದು ಶಾಲೆಯ ಕೆಲಸ ಅಂತ ಕಲಂ 16 ಹೇಳುತ್ತದೆ. ಹೆಚ್ಚುವರಿ ಸಮಯ, ಮಗು ಹೇಳಿದ್ದನ್ನು ಬರೆಯುವ ಬರಹಗಾರರ ನೆರವು, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ ಕಲಂ 17ರಲ್ಲಿವೆ. ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಯಂತೆ ಶಿಕ್ಷಕರು 3ನೇ ತರಗತಿ ಅಥವಾ 8 ವರ್ಷ, ಯಾವುದು ಮೊದಲೋ ಆಗ ಪ್ರಾಥಮಿಕ ತಪಾಸಣೆ ಮಾಡಬೇಕು, ಮುಖ್ಯ ಶಿಕ್ಷಕರ ಅಧ್ಯಕ್ಷತೆಯ ಸಮಿತಿ ಮುಂದಕ್ಕೆ ಕಳಿಸಬೇಕು ಅಂತಿತ್ತು. ಅದರಂತೆ 8 ವರ್ಷ ತುಂಬುವ ಮೊದಲು ಪ್ರಮಾಣಪತ್ರ ಸಿಗುತ್ತಿರಲಿಲ್ಲ, 14 ಮತ್ತು 18ರಲ್ಲಿ ಮತ್ತೆ ಪರೀಕ್ಷೆ ಆಗಬೇಕಿತ್ತು. 2024ರಲ್ಲಿ ಆ ಮಾರ್ಗಸೂಚಿ ಪರಿಷ್ಕೃತವಾಗಿದೆ.

ಕ್ರಮ ಹೀಗೆ: ಕಣ್ಣು-ಕಿವಿ ಪರೀಕ್ಷೆಯ ಚೀಟಿ, ಬುದ್ಧಿಮಟ್ಟದ ಪರೀಕ್ಷೆ, ಆಮೇಲೆ ನಿಮ್ಹಾನ್ಸ್ ರೂಪಿಸಿದ ಪರೀಕ್ಷಾ ಸರಣಿ. ಅದರಲ್ಲಿ 5-7 ವರ್ಷಕ್ಕೆ ಒಂದು, 8-12 ವರ್ಷಕ್ಕೆ ಒಂದು ಹಂತ ಇದೆ. ನಮ್ಮ ಜಿಲ್ಲೆಯವರು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ವಿಚಾರಿಸಿ ಶುರು ಮಾಡಿ. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲೂ ಆಗುತ್ತದೆ. ಹೋಗುವಾಗ ಎರಡು ವರ್ಷದ ನೋಟ್‌ಬುಕ್, ಉತ್ತರಪತ್ರಿಕೆ, ಶಿಕ್ಷಕರ ಒಂದು ಪುಟದ ಟಿಪ್ಪಣಿ ತೆಗೆದುಕೊಂಡು ಹೋಗಿ. ಅಂದವಾಗಿ ಬರೆದ ಪುಟ ಆರಿಸಬೇಡಿ, ತಪ್ಪಿರುವ ಪುಟವೇ ಅವರಿಗೆ ಬೇಕು. ಯುಡಿಐಡಿ ಕಾರ್ಡಿಗೆ (ವಿಕಲಚೇತನರ ಗುರುತಿನ ಚೀಟಿ) ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ. ಹತ್ತನೇ ತರಗತಿಯ ಡಿಸೆಂಬರ್‌ನಲ್ಲಿ ಓಡಾಡಿದರೆ ಏನೂ ಆಗುವುದಿಲ್ಲ, ಎಂಟನೇ ತರಗತಿಯಲ್ಲೇ ಕಡತ ಸಿದ್ಧ ಇರಲಿ.

ಲೆಕ್ಕದ_ಟೀಚರ್

ಭಾಷೆ ವಿನಾಯಿತಿ ಸಿಗುತ್ತದೆ ಅಂತ ಐದನೇ ತರಗತಿಯಲ್ಲೇ ಇಂಗ್ಲಿಷ್ ಬಿಡಿಸಿಬಿಡುವ ಪೋಷಕರಿದ್ದಾರೆ. ಅದು ಸರಿಯಲ್ಲ. ಬಸ್ಸಿನ ಬೋರ್ಡು, ಅರ್ಜಿ ನಮೂನೆ, ಮೊಬೈಲ್ ಓದುವಷ್ಟಾದರೂ ಇರಲಿ. ವಿನಾಯಿತಿ ಪರೀಕ್ಷೆಗೆ, ಕಲಿಕೆಗೆ ಅಲ್ಲ.

ವಾಕ್_ಶ್ರವಣ

ಅರ್ಧ ಒಪ್ಪುತ್ತೇನೆ. ಮೂರು ಲಿಪಿ ಒಟ್ಟಿಗೆ ಹೊತ್ತ ಮಗುವಿಗೆ ಒಂದಾದರೂ ಗಟ್ಟಿಯಾಗಲಿ ಎಂಬುದೇ ವಿನಾಯಿತಿಯ ಉದ್ದೇಶ. ಬಾಯಿಮಾತಿನ ಇಂಗ್ಲಿಷ್ ಮುಂದುವರಿಸಿ, ಸ್ಪೆಲ್ಲಿಂಗ್ ಬಿಡಿ. ಬರಹಗಾರರ ಬಗ್ಗೆ ಇನ್ನೊಂದು: ಹೇಳಿ ಬರೆಸುವುದು ತಾನಾಗಿ ಬರುವ ವಿದ್ಯೆಯಲ್ಲ. ಎಂಟನೇ ತರಗತಿಯಿಂದಲೇ ಪ್ರತಿ ಕಿರುಪರೀಕ್ಷೆಯಲ್ಲೂ ಅಭ್ಯಾಸ ಮಾಡಿಸಿ. ಪೂರ್ತಿ ವಾಕ್ಯ ಮನಸ್ಸಲ್ಲಿ ಕಟ್ಟಿ, ತುಂಡು ತುಂಡಾಗಿ ಹೇಳಿ, ಓದಿಸಿ ಕೇಳಬೇಕು. ಅಭ್ಯಾಸವಿಲ್ಲದ ಮಗು ಬೋರ್ಡ್ ಪರೀಕ್ಷೆಯಲ್ಲಿ ಗುರುತಿಲ್ಲದವರ ಎದುರು ಬಾಯಿ ಬಿಡುವುದಿಲ್ಲ.

ಗೆಳೆಯರ_ಗುಂಪು (ಶಿವಮೊಗ್ಗ)

"ಅವನಿಗೆ ಬರಲ್ಲ ಮಿಸ್" ಪ್ರಶ್ನೆಗೆ ಯಾರೂ ಬರಲಿಲ್ಲ. ತರಗತಿಗೆ ಭಾಷಣ ಮಾಡಬೇಡಿ. "ಪಾಪ, ಅವನಿಗೆ ಸ್ವಲ್ಪ ತೊಂದರೆ ಇದೆ, ನೀವೆಲ್ಲ ನೋಡಿಕೊಳ್ಳಿ" ಅಂದರೆ ಅಲ್ಲಿಗೆ ಮಗುವಿನ ಹೆಸರೇ ಬದಲಾಗುತ್ತದೆ. ಎಲ್ಲರಿಗೂ ಒಂದೇ ನಿಯಮ ಮಾಡಿ: ಕೇಳಿದವರೇ ಉತ್ತರ ಹೇಳಬೇಕು, ಉಳಿದವರು ಮನಸ್ಸಲ್ಲೇ ಐದು ಎಣಿಸಬೇಕು. ನೀವೂ ಎಣಿಸಬೇಕು, ನಾವು ಶಿಕ್ಷಕರು ಒಂದು ಸೆಕೆಂಡು ಕೂಡ ಕಾಯುವುದಿಲ್ಲ. ಮಗುವಿನೊಂದಿಗೆ ಗುಟ್ಟಾದ ಒಪ್ಪಂದ ಒಂದಿರಲಿ, ನೀವು ಅದರ ಬೆಂಚಿನ ಮೇಲೆ ಕೈ ಇಟ್ಟರೆ ಮಾತ್ರ ಮುಂದಿನ ಪ್ರಶ್ನೆ ಅದಕ್ಕೆ. ಸಿದ್ಧವಾಗಲು ಸಮಯ ಸಿಗುತ್ತದೆ, ದಿನವಿಡೀ ಹೆದರಿ ಕೂರುವುದು ತಪ್ಪುತ್ತದೆ.

ಜೋಡಿ ಓದಿಗೆ ತರಗತಿಯ ಮೊದಲ ರ‍್ಯಾಂಕಿನವರನ್ನು ಹಾಕುವುದು ಎಲ್ಲರೂ ಮಾಡುವ ಕೆಲಸ, ಮತ್ತು ಅದೇ ಕೆಡುವುದು. ಅವರಿಗೆ ತಾಳ್ಮೆ ಇರುವುದಿಲ್ಲ, ಪದವನ್ನು ಕಿತ್ತುಕೊಂಡು ತಾವೇ ಓದುತ್ತಾರೆ. ನಡುಮಟ್ಟದ, ಮೆಲುಮಾತಿನ ಮಗು ಆರಿಸಿ. ಅಕ್ಕಪಕ್ಕ ಕೂತು, ಒಂದೇ ಪುಸ್ತಕ, ಇಬ್ಬರೂ ಒಟ್ಟಿಗೆ ಗಟ್ಟಿಯಾಗಿ ಓದುವುದು. ಕಷ್ಟದ ಮಗು ಮೊಣಕೈಯಿಂದ ಮುಟ್ಟಿದರೆ ಇನ್ನೊಬ್ಬರು ನಿಲ್ಲಿಸಬೇಕು, ಒಂಟಿಯಾಗಿ ಓದಲಿ. ತಡವರಿಸಿದರೆ ನಾಲ್ಕು ಎಣಿಸಿ ಪದ ಹೇಳಿಕೊಟ್ಟು ಮತ್ತೆ ಒಟ್ಟಿಗೆ. ಹತ್ತು ನಿಮಿಷ, ವಾರಕ್ಕೆ ಮೂರು-ನಾಲ್ಕು ದಿನ. ಮೂರು ವಾರಕ್ಕೊಮ್ಮೆ ಎಲ್ಲ ಜೋಡಿಗಳನ್ನೂ ಬದಲಿಸಿ. ಬದಲಿಸದಿದ್ದರೆ ಒಬ್ಬರು ಕಾಯಂ ಮೇಷ್ಟ್ರು, ಇನ್ನೊಬ್ಬರು ಕಾಯಂ ಶಿಷ್ಯ.

ಇನ್ನೂ ಒಳ್ಳೆಯದು, 5ನೇ ತರಗತಿಯ ಆ ಮಗು ಒಂದನೇ ತರಗತಿಯವರಿಗೆ ಕಥೆ ಓದಿ ಹೇಳುವುದು. ಮಟ್ಟ ಇಳಿಸಿದ ಪುಸ್ತಕವನ್ನು ತನ್ನ ಓರಗೆಯವರ ಎದುರು ಹಿಡಿಯಲು ನಾಚಿಕೆ, ಚಿಕ್ಕವರಿಗೆ ಓದಲು ಅದೇ ಪುಸ್ತಕ ಬೇಕಲ್ಲ. ಹಿಂದಿನ ದಿನ ಐದಾರು ಸಲ ಓದಿಕೊಂಡು ಬರುತ್ತದೆ, ಆ ಅಭ್ಯಾಸವನ್ನು ನೀವು ಬೇರೆ ಯಾವ ರೀತಿಯಲ್ಲೂ ಮಾಡಿಸಲಾರಿರಿ.

ಗುಂಪು ಚಟುವಟಿಕೆಯಲ್ಲಿ ನೀರು ತರುವುದು, ಕತ್ತರಿ ಹಿಡಿಯುವುದು ಯಾವಾಗಲೂ ಇವರ ಪಾಲಿಗೇ ಬರುತ್ತದೆ. ಕೆಲಸಗಳನ್ನು ಚೀಟಿಯಲ್ಲಿ ಬರೆದು ಸರದಿಯಾಗಿ ಹಂಚಿ, ಚಿತ್ರ ಬರೆಯುವುದು, ಬಾಯಲ್ಲಿ ಹೇಳುವುದು ಇವರಿಗೂ ಬರಲಿ. ಲಗೋರಿ, ಖೋಖೋ ಆಡುವಾಗ ನಾಯಕರಿಗೆ ಒಬ್ಬೊಬ್ಬರನ್ನು ಆರಿಸಲು ಬಿಟ್ಟರೆ ಕೊನೆಗೆ ಉಳಿಯುವವರು ಯಾರು ಅಂತ ಎಲ್ಲರಿಗೂ ಗೊತ್ತು. ಒಂದು-ಎರಡು ಎಣಿಸಿ ತಂಡ ಮಾಡಿ. ಆಟದ ನಿಯಮ ಬಾಯಲ್ಲಿ ಹೇಳದೆ ಒಮ್ಮೆ ಆಡಿ ತೋರಿಸಿ. ಲೆಕ್ಕ ಬಾರದ ಮಗುವಿಗೆ ಪಾಯಿಂಟ್ ಬರೆಯುವ ಕೆಲಸ ಕೊಟ್ಟು "ಜವಾಬ್ದಾರಿ ಕೊಟ್ಟೆ" ಅಂದುಕೊಳ್ಳಬೇಡಿ. ಕೆಲವರಿಗೆ ಆಟಕ್ಕೆ ಸೇರುವ ಮಾತೇ ಬರುವುದಿಲ್ಲ, ಬಂದು ಚೆಂಡು ಕಿತ್ತುಕೊಂಡು ಓಡುತ್ತಾರೆ. "ನಾನೂ ಸೇರಲಾ? ಯಾವ ಕಡೆ?" ಇಷ್ಟು ಮಾತನ್ನು ಅಭ್ಯಾಸ ಮಾಡಿಸಿ. ಹೌದು, ಇದನ್ನೂ ಕಲಿಸಬೇಕು.

ಹೊಸನಗರ_ಮೇಷ್ಟ್ರು

ಇದು ಒಪ್ಪುವ ಮಾತು. ಆದರೆ ಕೆಲವು ಮಕ್ಕಳು ಓದುವ ಪಿರಿಯಡ್ ಮಾತ್ರ ಅಲ್ಲ, ಎಲ್ಲ ಹೊತ್ತಲ್ಲೂ ಕೂರಲ್ಲ.

ವಾಕ್_ಶ್ರವಣ

ಆಟದಲ್ಲೂ ಸರದಿ ಕಾಯಲಾಗದು, ಊಟದಲ್ಲೂ ಎದ್ದೇಳುವುದು, ಮನೆಯಲ್ಲೂ ಹಾಗೇ, ಆರು ತಿಂಗಳಿಂದ ಇದೆ ಅಂದರೆ ಅತಿಚಟುವಟಿಕೆಯ ತೊಂದರೆ ಇರಬಹುದು. ಅದು ಕಲಿಕಾ ನ್ಯೂನತೆಯ ಜೊತೆಜೊತೆಗೇ ಇರುವುದೂ ಸಾಮಾನ್ಯ. ವೈದ್ಯರ ಹತ್ತಿರ ಹೋಗಲೇಬೇಕು. ಅಲ್ಲಿಯವರೆಗೆ ಹತ್ತು ನಿಮಿಷಕ್ಕೊಮ್ಮೆ ಏಳಲು ಅಧಿಕೃತ ಕಾರಣ ಕೊಡಿ: ಪುಸ್ತಕ ಹಂಚುವುದು, ಬೋರ್ಡ್ ಒರೆಸುವುದು. ಗಲಾಟೆಯ ನಂತರ ಕೊಡಬೇಡಿ, ಮುಂಚೆ ಕೊಡಿ. ಇನ್ನೊಂದು ಬಗೆ, ಮಾತಿನ ಮಧ್ಯೆ ಕೆಲವು ಸೆಕೆಂಡು ಕಣ್ಣು ನೆಟ್ಟು ನಿಂತುಬಿಡುವುದು, ಕರೆದರೆ, ಮುಟ್ಟಿದರೆ ಗೊತ್ತಾಗದಿರುವುದು, ಆಮೇಲೆ ಏನೂ ಆಗದವರಂತೆ ಮುಂದುವರಿಸುವುದು. ಅದು ಕನಸು ಕಾಣುವುದಲ್ಲ, ಒಂದು ಬಗೆಯ ಮೂರ್ಛೆ ಇರಬಹುದು. ಮೊಬೈಲಲ್ಲಿ ವಿಡಿಯೊ ಮಾಡಿ ಪೋಷಕರ ಕೈಯಲ್ಲಿ ವೈದ್ಯರಿಗೆ ತೋರಿಸಿ.

ಕುಶಾವತಿ

ಪುಸ್ತಕ ಎಸೆದು ಹೊರಗೆ ಓಡುವ ಮಗು ಇದ್ದರೆ? ಶಾಲೆ ಪಕ್ಕ ಹಳ್ಳ, ಮಳೆಗಾಲ ಬೇರೆ.

ಸಂಪನ್ಮೂಲ_ಶಿಕ್ಷಕ (ಬಿಐಇಆರ್‌ಟಿ)

ಓಡುವ ಮೊದಲಿನ ಗುರುತು ಮೊದಲ ವಾರದ ಹಾಳೆಯಲ್ಲೇ ಇರುತ್ತದೆ: ಕಿವಿ ಕೆಂಪಾಗುವುದು, ಪೆನ್ಸಿಲ್ ಒತ್ತಿ ಮುರಿಯುವುದು, ಪುಟ ಗೀಚುವುದು. ಆಗಲೇ ಒಂದು ಕಾರ್ಡ್ ತೋರಿಸಿ ಕೇಳಲು ಕಲಿಸಿ: "ನಿಲ್ಲಿಸಬೇಕು". ಕಾರ್ಡ್ ತೋರಿಸಿದರೆ ಮೂರು ನಿಮಿಷ ಗೊತ್ತಾದ ಮೂಲೆಯಲ್ಲಿ, ಕೊಠಡಿಯೊಳಗೇ. ಆಮೇಲೆ ಅದೇ ಕೆಲಸಕ್ಕೆ ವಾಪಸ್, ಆದರೆ ಚಿಕ್ಕದು ಮಾಡಿ: ಐದು ಸಾಲು ಇದ್ದಲ್ಲಿ ಒಂದು ಸಾಲು, ನಿಮ್ಮ ಜೊತೆ. ಕೆಲಸವೇ ಇಲ್ಲ ಅಂದುಬಿಟ್ಟರೆ ಕಾರ್ಡ್ ತಪ್ಪಿಸಿಕೊಳ್ಳುವ ಟಿಕೆಟ್ ಆಗುತ್ತದೆ. ದಿನಕ್ಕೆ ನಾಲ್ಕು ಕಾರ್ಡ್‌ನಿಂದ ಶುರು ಮಾಡಿ, ಎರಡು ವಾರ ಬಳಕೆ ಇಳಿದ ಮೇಲೆ ಒಂದು ಕಡಿಮೆ ಮಾಡಿ. ಓಡಿಯೇ ಬಿಟ್ಟರೆ ಅಟ್ಟಿಸಿಕೊಂಡು ಹೋಗಬೇಡಿ, ಅಟ್ಟಿಸಿದರೆ ಹಳ್ಳದ ಕಡೆಗೇ ಹೋಗಬಹುದು. ಇನ್ನೊಬ್ಬ ಶಿಕ್ಷಕರು ಅಥವಾ ಅಡುಗೆಯವರು ಗೇಟಿನ ಕಡೆಯಿಂದ ಬರಲಿ, ಯಾರು ಎಲ್ಲಿ ನಿಲ್ಲಬೇಕು ಅಂತ ಮೊದಲೇ ಗೊತ್ತಿರಲಿ. ಆ ಹೊತ್ತಲ್ಲಿ ಬುದ್ಧಿವಾದ ಬೇಡ, ಚಿಕ್ಕ ವಾಕ್ಯ: "ಬಾ, ಕೂರೋಣ." ಹೊಡೆತ, ಅವಮಾನ ಎರಡೂ ಶಿಕ್ಷಣ ಹಕ್ಕು ಕಾಯ್ದೆಯ ಕಲಂ 17ರಡಿ ನಿಷೇಧ, ಅದು ಎಲ್ಲರಿಗೂ ಗೊತ್ತಿದೆ.

ಸೊರಬದಿಂದ

ಮರಳಿನ ತಟ್ಟೆಯಲ್ಲಿ ಅಕ್ಷರ ಬರೆಸಿ ಅಂತ ತರಬೇತಿಯಲ್ಲಿ ಹೇಳ್ತಾರೆ. ಈ ಮಳೆಯಲ್ಲಿ ಮರಳು ಒಣಗೋದು ಯಾವಾಗ?

ಅಕ್ಷರ_ಮರಳು

ಹೆಸರು ಇಟ್ಟುಕೊಂಡಿದ್ದಕ್ಕೆ ಉತ್ತರ ಹೇಳಲೇಬೇಕು. ಒಣ ಮರಳನ್ನು ಮೇ ತಿಂಗಳಲ್ಲೇ ಜರಡಿ ಹಿಡಿದು ಮುಚ್ಚಳದ ಡಬ್ಬಿಯಲ್ಲಿ ತುಂಬಿಡಿ, ಬೇಕಾದಷ್ಟೇ ಹೊರಗೆ ತೆಗೆಯಿರಿ. 30 ಸೆಂ.ಮೀ. ಉದ್ದ, 20 ಸೆಂ.ಮೀ. ಅಗಲದ ತಟ್ಟೆಗೆ ಅರ್ಧ ಸೆಂ.ಮೀ. ದಪ್ಪ ಸಾಕು, ಹೆಚ್ಚಾದರೆ ಗೆರೆ ಮುಚ್ಚಿಕೊಳ್ಳುತ್ತದೆ. ತಟ್ಟೆಯ ತಳ ಗಾಢ ಬಣ್ಣ ಇದ್ದರೆ ಅಕ್ಷರ ಎದ್ದು ಕಾಣುತ್ತದೆ. ರವೆ ಹಾಕಬೇಡಿ, ಇರುವೆ ಮುತ್ತುತ್ತದೆ, ಮಕ್ಕಳು ತಿನ್ನುತ್ತಾರೆ ಕೂಡ. ಜುಲೈ-ಆಗಸ್ಟ್‌ಗೆ ಹಾರ್ಡ್‌ವೇರ್ ಅಂಗಡಿಯ ಮರಳುಕಾಗದದಲ್ಲಿ ಅಂಗೈಯಗಲದ ಅಕ್ಷರ ಕತ್ತರಿಸಿ ರಟ್ಟಿಗೆ ಅಂಟಿಸಿ. ತುಂಬ ಒರಟು ಬೇಡ, ಬೆರಳು ಉರಿಯುತ್ತದೆ. ಗೋಂದು ಈ ತೇವಕ್ಕೆ ನಿಲ್ಲುವುದಿಲ್ಲ, ಫೆವಿಕಾಲ್ ಹಚ್ಚಿ ಒಂದು ರಾತ್ರಿ ಭಾರ ಇಡಿ. ಬರೆಯಲು ಶುರು ಮಾಡುವ ಜಾಗಕ್ಕೆ ಹಸಿರು ಚುಕ್ಕೆ. ಬೆರಳು ಆಡಿಸುವಾಗ ಬಾಯಲ್ಲಿ ಅಕ್ಷರ ಹೇಳಲೇಬೇಕು, ಬಾಯಿ ಮುಚ್ಚಿ ತಿದ್ದಿದರೆ ಅದು ಬೆರಳಿಗೆ ಮಾತ್ರ ವ್ಯಾಯಾಮ.